ಕಡಗಂಚಿ ಮೋಟಾರು ಪಂದ್ಯದ ಬಾತ್ಮಿ

ನಾನು ಎಷ್ಟೇ ಗಂಭೀರವಾಗಿ ಮುಖ ಮಾಡಿಕೊಂಡು ಒಂದು ಕೆಲಸಕ್ಕೆ ಹೊರಟರೂ ಅದು ಊರಿನ ನಾಲ್ಕು ಜನರ ಬಾಯಿಗೆ ಬೀಳುವಷ್ಟರಲ್ಲಿ ನಗೆಯ ಮಾತಾಗಿಬಿಡುತ್ತದೆ. ನನ್ನ ಜಾತಕದಲ್ಲೇ ಹಾಗೆ ಬರೆದಿದೆ ಅನ್ನುತ್ತಾಳೆ ನನ್ನ ಹೆಂಡತಿ. ಜಾತಕ ಬರೆದ ಜೋಯಿಸರೂ ಆಗ ಸೆರಗಿನಂತೆ ಶಲ್ಯವನ್ನು ಬಾಯಿಗೆ ಅಡ್ಡ ಹಿಡಿದಿದ್ದರಂತೆ.

ನಾನು ಆಳಂದದ ತಹಸೀಲ ಕಚೇರಿಯ ಮುಂದೆ ಕೂತು ಅರ್ಜಿ ಬರೆಯುತ್ತಿದ್ದವನು. ಆಗ ನಮ್ಮದು ನಿಜಾಮರ ಸೀಮೆ. ಸರ್ಕಾರಕ್ಕೆ ಏನು ಹೇಳಬೇಕಿದ್ದರೂ ಉರ್ದುವಿನಲ್ಲಿ ಹೇಳಬೇಕು, ಜನಕ್ಕೆ ಬರುವುದು ಕನ್ನಡ. ನಡುವೆ ನಾನು, ನನ್ನದೊಂದು ಮಣೆ, ಮಸಿಕುಡಿಕೆ. ಜನ ನನ್ನನ್ನು ಮುನಶಿ ಎಂದು ಕರೆಯುತ್ತಿದ್ದರು. ಈಗ ಹೇಳುವ ಸಂಗತಿಗಳೆಲ್ಲ ಯುದ್ಧಕ್ಕೆ ಮುಂಚಿನವು, ಪೆಟ್ರೋಲಿಗೆ ಇನ್ನೂ ರೇಷನ್ ಚೀಟಿ ಬಂದಿರಲಿಲ್ಲ.

ಚಲೋದಿದ್ದರ ಬರೀರಿ

ಸೊಲ್ಲಾಪುರದಲ್ಲಿ ಒಂದು ಕನ್ನಡ ವಾರಪತ್ರಿಕೆ ಅಚ್ಚಾಗುತ್ತಿತ್ತು. ನಮ್ಮ ಬೀದಿಯ ಭಾವಿ ಕುಸಿದದ್ದರ ಬಗ್ಗೆ ನಾನು ಅದಕ್ಕೊಂದು ಪತ್ರ ಬರೆದೆ. ಸಂಪಾದಕರಿಂದ ಉತ್ತರ ಬಂತು: “ಭಾವಿಯ ಸುದ್ದಿ ಹಾಕಲಾಗದು. ಆದರೆ ತಮ್ಮ ಅಕ್ಷರಗಳು ದುಂಡಾಗಿವೆ. ತಾವು ನಮ್ಮ ಆಳಂದದ ಬಾತ್ಮೀದಾರರಾಗಬೇಕು. ಒಂದೇ ಕರಾರು: ಒಳ್ಳೆಯ ಸುದ್ದಿಯನ್ನೇ ಕಳಿಸಬೇಕು. ಪ್ಲೇಗು, ಕಳವು, ಕುಸಿದ ಭಾವಿ ಇವು ಓದುಗರ ಮನೆಯಲ್ಲೇ ಇರುತ್ತವೆ. ಅವರಿಗೆ ಹರ್ಷವಾಗುವಂಥದ್ದನ್ನು ಬರೆಯಿರಿ.”

ಹಗಲೆಲ್ಲ ನಾನು ಬರೆಯುತ್ತಿದ್ದುದು ಜನರ ಗೋಳು. ಹೊಲದ ಬದು ಒತ್ತಿದ್ದು, ಎತ್ತು ಕಳೆದದ್ದು, ಅಣ್ಣ ತಮ್ಮಂದಿರು ಒಂದೇ ಗೋಡೆಗೆ ಹೊಡೆದಾಡಿದ್ದು. ಶನಿವಾರ ಅದೇ ಕೈ, ಅದೇ ಮಸಿಯಲ್ಲಿ, ಹರ್ಷ ಬರೆಯಬೇಕಾಯಿತು. ಮೊದಲ ವಾರ ಸುಲಭವಾಗಿತ್ತು. “ನಿಂಬರ್ಗಾ ಕಡೆ ತೊಗರಿ ಸೊಂಪಾಗಿ ಬಂದಿದ್ದು ರೈತರು ಆನಂದದಲ್ಲಿದ್ದಾರೆ” ಎಂದು ಬರೆದೆ. ಅಚ್ಚಾಯಿತು. ನಾನು ಅದನ್ನು ಮಣೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕೂತೆ.

ಹದಿನೈದು ದಿನಕ್ಕೆ ನಿಂಬರ್ಗಾದ ಒಬ್ಬ ರೈತ ಬಂದ.

“ತೊಗರಿ ಚಲೋ ಬಂದದಂತ ಬರದೋರು ನೀವೇನ್ರಿ ಮುನಶಿಗಳ?”

“ಹೌದಪಾ, ನಾನೇ,” ಅಂದೆ ಎದೆ ಸೆಟೆಸಿ.

“ಅದನ್ನ ಸೊಲ್ಲಾಪುರದಾಗಿನ ನಮ್ಮ ಬೀಗರು ಓದ್ಯಾರ್ರಿ. ಏಳು ಮಂದಿ ಬಂದಾರ. ಹತ್ತು ದಿನ ಆತು, ಏಳೂವಲ್ಲರು. ಮುಂದಿನ ವಾರ ತೊಗರಿಗಿ ಹುಳ ಬಿದ್ದದಂತ ಬರದುಬಿಡ್ರಿ.”

“ಕೆಟ್ಟ ಸುದ್ದಿ ಅವರು ಹಾಕಂಗಿಲ್ಲಪಾ.”

ಅವನು ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು.

“ಹಂಗಾದ್ರ ಸೊಲ್ಲಾಪುರದಾಗ ಇದಕಿಂತಾ ಚಲೋ ಬಂದದಂತ ಬರೀರಿ. ಹೊಳ್ಳಿ ಹೋಗ್ತಾರ.”

ಹರಕಿ ಏನು?

ಮರುವರ್ಷ ಬೇಸಗೆಗೆ ಮುಂಚೆ ನಮ್ಮೂರಿಗೆ ನಿಜವಾದ ಒಳ್ಳೆಯ ಸುದ್ದಿ ಬಂತು. ಹತ್ತಿರದ ಜಾಗೀರದಾರರೊಬ್ಬರ ಮಗ ಹೈದರಾಬಾದಿನಲ್ಲಿ ಓದುತ್ತಿದ್ದ. ಊರಿನವರ ಬಾಯಲ್ಲಿ ಛೋಟೇ ಸಾಹೇಬ. ಅವನೂ ಅವನ ನಾಲ್ವರು ಗೆಳೆಯರೂ ತಂತಮ್ಮ ಮೋಟಾರು ತಂದು ಆಳಂದದಲ್ಲಿ ಪಂದ್ಯ ಇಟ್ಟರು. ಆಳಂದದಿಂದ ಕಡಗಂಚಿಗೆ, ಅಲ್ಲಿಂದ ತಿರುಗಿ ಆಳಂದಕ್ಕೆ. ಗೆದ್ದವರಿಗೆ ಬೆಳ್ಳಿಯ ಬಟ್ಟಲು. ಶಾಮಿಯಾನ, ಬ್ಯಾಂಡು, ಗುಲಾಬಿ ಶರಬತ್ತು.

ಹಿಂದಿನ ದಿನ ಡಂಗುರ ಹೊಡೆದರು. “ನಾಳೆ ಸಡಕಿನ ಮ್ಯಾಲ ಮೋಟಾರು ಓಡ್ತಾವ! ದನ, ಕುರಿ, ಹುಡುಗರನ್ನ ಕಟ್ಟಿಹಾಕ್ರಿ!”

ಕಚೇರಿಯ ಮುಂದೆ ಹುರಿದ ಶೇಂಗಾ ಮಾರುವ ಒಬ್ಬ ಮುದುಕಿ ಇದ್ದಳು. ಅವಳ ಮನೆ ಕಡಗಂಚಿ ಸಡಕಿನ ಅಂಚಿಗೇ ಇತ್ತು. ಡಂಗುರ ಕೇಳಿ ನನ್ನ ಕಡೆ ತಿರುಗಿದಳು.

“ಏ ಮುನಶಿ, ಅವು ಕಡಗಂಚಿಗಿ ಯಾಕ ಹೋಗ್ತಾವೋ?”

“ಅಲ್ಲಿ ಸಡಕಿನ ಬಾಜೂಕ ಒಂದು ಬೇವಿನ ಗಿಡ ಅದ ನೋಡು ಆಯಿ, ಅದಕ್ಕ ಒಂದು ಸುತ್ತು ಹಾಕಿ ಹೊಳ್ಳಿ ಬರ್ತಾವ.”

“ಹರಕಿ ಹೊತ್ತಿದ್ರೇನು?”

“ಹರಕಿ ಅಲ್ಲ ಆಯಿ. ಯಾರು ಮೊದಲ ಬರ್ತಾರಂತ ನೋಡೋದು.”

“ಎಲ್ಲಾರೂ ಇಲ್ಲೇ ಇದ್ದಾರಲ್ಲೋ ಈಗ?”

ಮುದುಕಿ ಶೇಂಗಾ ಬುಟ್ಟಿ ಮುಚ್ಚಿ ಎದ್ದಳು. ನಾಳೆ ಮನೆಯ ಮುಂದೆ ಎರಡು ಕೊಡ ತಣ್ಣೀರು ತುಂಬಿಸಿ ಇಡಬೇಕು ಅಂದಳು.

“ಯಾರಿಗಿ?”

“ಆ ಹುಡುಗರಿಗಿ. ಬಿಸಲಾಗ ಗಿಡ ಸುತ್ತಾಕ ಹೊಂಟಾವಂದ್ರ ತಲಿ ಸರಿ ಇರಲಿಕ್ಕಿಲ್ಲ. ಪಾಪ, ನೀರಾರ ಕುಡೀಲಿ.”

ಜೇವರ್ಗಿ ಇಂಜಿನ್

ಪತ್ರಿಕೆಯವನೆಂದು ನನಗೂ ಜಾಗೀರದಾರರ ಮನೆಯಿಂದ ಒಂದು ಚೀಟಿ ಬಂತು. ಶಾಮಿಯಾನದಲ್ಲಿ ಕುರ್ಚಿ. ಕೆಳಗೆ ಒಂದು ಸಾಲು: ದರಬಾರಿಗೆ ತಕ್ಕ ಉಡುಪಿನಲ್ಲಿ ಬರಬೇಕು. ನನ್ನ ಹತ್ತಿರ ಇದ್ದದ್ದು ಎರಡು ಧೋತರ, ಮೊಣಕೈಗೆ ತೇಪೆ ಹಾಕಿದ ಒಂದು ಕೋಟು.

ನಮ್ಮ ಗೋಡೆಗೆ ಗೋಡೆ ಹೊಂದಿದ ಮನೆ ಒಬ್ಬ ಅತ್ತರಿನ ವ್ಯಾಪಾರಿಗಳದು. ನಾವು ಅವರನ್ನು ಚಾಚಾ ಅನ್ನುತ್ತಿದ್ದೆವು. ಸಂಗತಿ ಕೇಳಿದವರೇ ಒಳಗೆ ಹೋಗಿ ಪೆಟ್ಟಿಗೆ ತೆಗೆದು, ತಮ್ಮ ಮದುವೆಯ ಶೇರವಾನಿ ತಂದು ನನ್ನ ಕೈಗಿಟ್ಟರು.

“ಚಾಚಾ, ನಿಮ್ಮ ಮದುವೀದು! ನಾ ಹ್ಯಾಂಗ ಹಾಕ್ಕೊಳ್ಳಲಿ?”

“ಮೂವತ್ತು ವರ್ಷ ಆತು ಬೇಟಾ, ಪೆಟ್ಟಿಗ್ಯಾಗ ಕುಂತು ಅದಕ್ಕೂ ಬ್ಯಾಸರ ಆಗ್ಯಾದ. ಹೊರಗ ನಾಕು ಮಂದೀನ ನೋಡಲಿ.”

ಚಾಚಾ ಮದುವೆಯಲ್ಲೂ ದುಂಡಗಿದ್ದರೆಂದು ಕಾಣುತ್ತದೆ. ಅದರೊಳಗೆ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ನನ್ನ ಹೆಂಡತಿ ಬೆನ್ನಿಗೆ ಮಡಿಕೆ ಹಾಕಿ ಹೊಲಿದಳು. “ಮುಂದ ನೋಡಿದ್ರ ಸರದಾರ ಕಂಡಂಗ ಕಾಣ್ತೀರಿ. ಯಾರಿಗೂ ಬೆನ್ನ ತೋರಿಸಬ್ಯಾಡ್ರಿ,” ಅಂದಳು.

ಆದರೆ ಮೂವತ್ತು ವರ್ಷದ ಅತ್ತರು! ನಾನು ಶಾಮಿಯಾನದ ಬಾಗಿಲಿಗೆ ಬರುವ ಮೊದಲೇ ನನ್ನ ಪರಿಮಳ ಒಳಗೆ ಹೋಗಿತ್ತು. ಬಾಗಿಲಿನವನು ಮೂಗರಳಿಸಿ, ಸಲಾಮು ಹೊಡೆದು, ಚೀಟಿ ಕೇಳದೇ ಮುಂದಿನ ಸಾಲಿನ ಮಖಮಲ್ಲಿನ ಕುರ್ಚಿಗೆ ಕರೆದುಕೊಂಡು ಹೋದ. ಪಕ್ಕದಲ್ಲಿ ಹೈದರಾಬಾದಿನಿಂದ ಬಂದ ದೊಡ್ಡ ಮೀಸೆಯ ನವಾಬರೊಬ್ಬರು. ಸಡಕಿನ ಮೇಲೆ ಐದು ಮೋಟಾರು ಸಾಲಾಗಿ ನಿಂತಿದ್ದವು. ಕೆಂಪು, ಹಸಿರು, ಹಾಲಿನಂಥ ಬಿಳುಪು; ಕಣ್ಣು ಕೋರೈಸುವ ದೀಪಗಳು. ಅಂಥ ಬೆಡಗನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ.

ನವಾಬರು ನನ್ನನ್ನು ಉರ್ದುವಿನಲ್ಲಿ ವಿಚಾರಿಸಿದರು. “ತಮ್ಮ ಬಳಿ ಯಾವ ಗಾಡಿ ಇದೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಸೈಕಲ್ಲು ಅನ್ನಲೂ ಬರಲಿಲ್ಲ. “ಎರಡು ಗಾಲಿಯದು, ಹುಜೂರ್,” ಅಂದೆ.

“ಓಹೋ, ಫಟ್‌ಫಟಿ! ನನಗೂ ಬಹಳ ಶೋಕಿ. ವೇಗ ಹೇಗೆ?”

“ಇಳಿಜಾರಿನಲ್ಲಿ ಹಿಡಿಯಲಿಕ್ಕಾಗುವುದಿಲ್ಲ. ಏರಿನಲ್ಲಿ ಸ್ವಲ್ಪ ಏದುಸಿರು ಬಿಡುತ್ತದೆ.”

“ಹಾಗಾದರೆ ಇಂಜಿನ್ನಿನಲ್ಲೇ ದೋಷ. ಎಲ್ಲಿಯದು ಇಂಜಿನ್? ವಿಲಾಯತಿಯದೋ, ಅಮೇರಿಕದ್ದೋ?”

ಆ ಸೈಕಲ್ಲಿನ ಇಂಜಿನ್ ನಾನೇ ಅಲ್ಲವೇ. ಹುಟ್ಟಿದೂರನ್ನೇ ಹೇಳಿದೆ.

“ಜೇವರ್ಗಿಯದು, ಹುಜೂರ್.”

ನವಾಬರು ಗಂಭೀರವಾಗಿ ತಲೆಯಾಡಿಸಿದರು. “ಕೇಳಿದ್ದೇನೆ. ಗಟ್ಟಿಮುಟ್ಟು ಮಾಲು. ಆದರೆ ಅದರ ಬಿಡಿಭಾಗ ಸಿಗುವುದಿಲ್ಲ.”

ಖಾಲಿ ಸಡಕು

ಬಂದೂಕು ಹಾರಿತು. ಐದೂ ಮೋಟಾರು ಗುಡುಗಿ, ನೆಗೆದು, ಧೂಳಿನೊಳಗೆ ಮಾಯವಾದವು. ಇಡೀ ಪಂದ್ಯದಲ್ಲಿ ನಾವು ಕಣ್ಣಾರೆ ನೋಡಿದ್ದು ಅಷ್ಟೇ. ಮುಂದೆ ಮುಕ್ಕಾಲು ಗಂಟೆ ಸಾವಿರ ಜನ ಸೇರಿ ಖಾಲಿ ಸಡಕನ್ನು ನೋಡುತ್ತಾ ಕೂತೆವು. ನಡುವೆ ಒಂದು ನಾಯಿ ದಾಟಿತು. ಅದಕ್ಕೆ ಬಂದ ಚಪ್ಪಾಳೆ ಯಾರಿಗೂ ಬಂದಿರಲಾರದು.

ಕೊನೆಗೆ ದೂರದಲ್ಲಿ ಧೂಳು ಎದ್ದಿತು. ಹಸಿರು ಮೋಟಾರು ಮೊದಲು ಬಂತು. ಹಿಂದೆ ಮತ್ತೆ ಮೂರು. ಬ್ಯಾಂಡು ಬಾರಿಸಿದರು, ಮಾಲೆ ಹಾಕಿದರು. ಛೋಟೇ ಸಾಹೇಬನ ಬಿಳಿಯ ಮೋಟಾರು ಮಾತ್ರ ಬರಲಿಲ್ಲ.

ಗೆದ್ದ ಹುಡುಗ ಹೇಳಿದ, “ಬೇವಿನ ಗಿಡದ ಹತ್ತಿರ ಅವನೇ ಮುಂದಿದ್ದ. ಆಮೇಲೆ ಧೂಳಿನಲ್ಲಿ ಕಾಣಲಿಲ್ಲ.”

ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಬ್ಯಾಂಡು ನಿಂತಿತು. ಮುದುಕ ಜಾಗೀರದಾರರು ಎದ್ದು ಬಿಸಿಲಿಗೆ ಹೋಗಿ, ಸಡಕಿನ ನಡುವೆ ನಿಂತರು. ಕೊಡೆ ಹಿಡಿಯಲು ಹೋದವನನ್ನು ಕೈಯಿಂದಲೇ ದೂರ ಸರಿಸಿದರು. ಊರಿಗೆಲ್ಲ ದೊಡ್ಡವರಾದ ಮನುಷ್ಯ, ಬರಿಗಾಲಲ್ಲಿದ್ದರು. ಕಾಲಿನ ಜೋಡು ಕುರ್ಚಿಯ ಕೆಳಗೇ ಉಳಿದಿತ್ತು. ದಾರಿಯಲ್ಲಿ ಒಂದು ಹಳ್ಳ, ಅದಕ್ಕೊಂದು ಕಿರಿದಾದ ಸೇತುವೆ ಇರುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಗ ನನ್ನ ತಲೆಯಲ್ಲಿ ಒಂದು ವಿಚಾರ ಬಂತು. ಹುಡುಗನಿಗೆ ಏನಾದರೂ ಆಗಿದ್ದರೆ ಸಂಪಾದಕರು ಈ ಬಾತ್ಮಿ ಹಾಕುವುದಿಲ್ಲ, ನನ್ನ ಒಂದು ವಾರದ ಬರಹ ಹೋಯಿತು! ಎದುರಿಗೆ ಒಬ್ಬ ತಂದೆ ಬಿಸಿಲಲ್ಲಿ ನಿಂತಿದ್ದಾನೆ, ನಾನು ನನ್ನ ಕಾಗದದ ಲೆಕ್ಕ ಹಾಕುತ್ತಿದ್ದೇನೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎದ್ದು ಹೋಗಿ ಜೋಡು ತಂದು ಅವರ ಕಾಲ ಬಳಿ ಇಟ್ಟೆ. ಬಗ್ಗಿದಾಗ ಬೆನ್ನಿನ ಹೊಲಿಗೆ ಪರ್ರೆಂದು ಬಿಚ್ಚಿತು. ಅವರು ನೋಡಲಿಲ್ಲ. ಜೋಡನ್ನೂ ಮೆಟ್ಟಲಿಲ್ಲ.

ಅಷ್ಟರಲ್ಲಿ ಸಡಕಿನ ತುದಿಗೆ ಏನೋ ಬೆಳ್ಳಗೆ ಕಂಡಿತು. ಧೂಳಿಲ್ಲ, ಸದ್ದಿಲ್ಲ. ಛೋಟೇ ಸಾಹೇಬನ ಮೋಟಾರು ಎತ್ತಿನ ಬಂಡಿಗಿಂತ ಮೆಲ್ಲಗೆ ಬರುತ್ತಿತ್ತು. ಅವನ ಬಗಲಿಗೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು, ಕೈಯಿಂದ ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಹಿಂದಿನ ಸೀಟಿನಲ್ಲಿ ಕೌದಿ ಹಾಸಿ ಒಬ್ಬ ತುಂಬು ಬಸುರಿಯನ್ನು ಮಲಗಿಸಿದ್ದರು. ಕಡಗಂಚಿಯಿಂದ ಆಳಂದದ ದವಾಖಾನೆಗೆ ಮಗಳನ್ನು ಕರೆದುಕೊಂಡು ಹೊರಟಿದ್ದ ತಾಯಿ. ಬಂಡಿಯ ಅಚ್ಚು ಮುರಿದು ದಾರಿಯಲ್ಲೇ ಕೂತಿದ್ದರಂತೆ. ನಾಲ್ಕು ಮೋಟಾರು ಅವರನ್ನು ಧೂಳಿನಲ್ಲಿ ಕಾಣದೇ ಹೋಗಿದ್ದವು. ಎಲ್ಲರಿಗಿಂತ ಮುಂದಿದ್ದ ಛೋಟೇ ಸಾಹೇಬ ಕಂಡಿದ್ದ, ನಿಂತಿದ್ದ.

“ಸಾವಕಾಶ ಹೊಡಿಯೋ ತಮ್ಮಾ, ಸಾವಕಾಶ! ತಗ್ಗು ಅದ ನೋಡು!” ತಾಯಿಯ ದನಿ ಶಾಮಿಯಾನದವರೆಗೆ ಕೇಳಿಸಿತು.

“ಇದಕಿಂತಾ ಸಾವಕಾಶ ಹೋದ್ರ ಇದು ನಿಂದರ್ತದ ಅಮ್ಮಾ!” ಪಂದ್ಯದ ವೀರ ಅಳುವ ದನಿಯಲ್ಲಿ ಹೇಳುತ್ತಿದ್ದ.

ಮಗನನ್ನು ಕಂಡ ಜಾಗೀರದಾರರು ಓಡಿದರು. ಅವರು ಓಡಿದ್ದು ನೋಡಿ ಜನವೆಲ್ಲ ಓಡಿತು. ಹೋದ ಜೀವ ಬಂದಂತಾಗಿ ಬ್ಯಾಂಡಿನವರು ತಮಗೆ ಬರುತ್ತಿದ್ದ ಎಲ್ಲವನ್ನೂ ಒಮ್ಮೆಲೇ ಬಾರಿಸಿದರು. ಗುಲಾಬಿ ನೀರು ಎರಚಿದರು, ಹೂವು ತೂರಿದರು, ಯಾರೋ ಮಾಲೆ ಹಿಡಿದು ಮುಂದೆ ಬಂದರು. ಆ ತಾಯಿ ಶಾಮಿಯಾನ ನೋಡಿದಳು, ಬ್ಯಾಂಡು ನೋಡಿದಳು, ಬೆಳ್ಳಿಯ ಬಟ್ಟಲು ನೋಡಿದಳು. ಸಂಕೋಚದಿಂದ ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೈ ಮುಗಿದಳು.

“ಯಪ್ಪಾ, ಇಷ್ಟೆಲ್ಲಾ ಯಾಕ ಮಾಡಾಕ ಹೋದ್ರಿ? ಇನ್ನಾ ಹಡದಿಲ್ಲರಿ!”

ಬಿಟ್ಟುಹೋದ ಸಾಲು

ಹೊತ್ತು ಮುಳುಗುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತೇ ಬಾತ್ಮಿ ಬರೆದೆ. ಗೆದ್ದವನಿಗೆ ಒಂದು ಸಾಲು, ಸೋತವನಿಗೆ ಹದಿನೈದು. ಅಲ್ಲಿಯವರೆಗೆ ಒಳ್ಳೆಯ ಸುದ್ದಿ ಬರೆಯುವಾಗೆಲ್ಲ ಏನನ್ನೋ ಮುಚ್ಚಿಟ್ಟ ಹಾಗಾಗುತ್ತಿತ್ತು. ಅವತ್ತು ಹಾಗಾಗಲಿಲ್ಲ. ಮುರಿದ ಅಚ್ಚು, ಬಿಸಿಲಲ್ಲಿ ಬರಿಗಾಲಲ್ಲಿ ನಿಂತ ತಂದೆ, ಹೆದರಿದ ತಾಯಿ ಎಲ್ಲವನ್ನೂ ಹಾಕಿಯೇ ಬರೆದೆ, ಆದರೂ ಕೊನೆಗೆ ಅದು ಸಂತೋಷದ ಸುದ್ದಿಯೇ ಆಗಿತ್ತು. ಸಂಪಾದಕರು ತಕರಾರಿಲ್ಲದೆ ಅಚ್ಚಿಗೆ ಕೊಟ್ಟರು.

ನಾನು ಬರೆದಿದ್ದ ಕೊನೆಯ ಮಾತು ಹೀಗಿತ್ತು: “ಕೊನೆಯದಾಗಿ ಬಂದ ಜಾಗೀರದಾರರ ಪುತ್ರರ ಮೋಟಾರು ದಾರಿಯಲ್ಲಿ ಕಷ್ಟದಲ್ಲಿದ್ದ ಗರ್ಭಿಣಿಯನ್ನು ದವಾಖಾನೆಗೆ ಮುಟ್ಟಿಸಿತು. ಆಕೆ ಅದೇ ದಿನ ಹೆಣ್ಣುಮಗುವಿಗೆ ಜನ್ಮವಿತ್ತಿದ್ದು, ತಾಯಿ ಮಗು ಇಬ್ಬರೂ ಕ್ಷೇಮ.”

ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವವನ ಕೈಯಲ್ಲಿ ನಡುವಿನ ಸಾಲು ಬಿಟ್ಟುಹೋಯಿತು. ಅಚ್ಚಾಗಿ ಬಂದದ್ದು: “ಕೊನೆಯದಾಗಿ ಬಂದ ಜಾಗೀರದಾರರ ಪುತ್ರರ ಮೋಟಾರು ಹೆಣ್ಣುಮಗುವಿಗೆ ಜನ್ಮವಿತ್ತಿದ್ದು, ತಾಯಿ ಮಗು ಇಬ್ಬರೂ ಕ್ಷೇಮ.”

ನಾನು ಎರಡು ದಿನ ಕಚೇರಿಯ ಕಡೆ ಹೋಗಲಿಲ್ಲ. ಚಾಚಾ ಗೋಡೆಯ ಆಚೆಯಿಂದ “ಮುಬಾರಕ್ ಬೇಟಾ!” ಎಂದು ಕೂಗುತ್ತಿದ್ದರು. ಜೀವನದಲ್ಲಿ ಒಂದು ಬಾತ್ಮಿ ಮನಸಾರೆ ಬರೆದಿದ್ದೆ, ಅದೂ ಹೀಗಾಯಿತಲ್ಲ ಎಂದು ಸಂಪಾದಕರಿಗೆ ರಾಜೀನಾಮೆ ಬರೆದು ಮಡಿಚಿಟ್ಟೆ.

ಮೂರನೆಯ ದಿನ ಅಫಜಲಪುರದಿಂದ ನನ್ನ ಮಾವನವರು ಬಂದರು. ಅವರು ಮೊದಲೇ ಮಾತು ಕಡಿಮೆಯ ಮನುಷ್ಯ. ಹಿಂದಿನ ವರ್ಷ ಅತ್ತೆಯವರು ತೀರಿಕೊಂಡ ಮೇಲಂತೂ ಮಾತೂ ಇಲ್ಲ, ನಗೆಯೂ ಇಲ್ಲ. ಹೆಂಡತಿ ಹಬ್ಬಕ್ಕೆ ಕರೆದರೂ ಬಂದಿರಲಿಲ್ಲ. “ಅಪ್ಪ ಎರಡು ತುತ್ತು ಉಂಡು ಗ್ವಾಡಿ ನೋಡಕೋತ ಕೂಡ್ತಾನಂತ,” ಎಂದು ಆಗಾಗ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂಥವರು ಕರೆಯದೇ ಬಂದು ಪಡಸಾಲೆಯಲ್ಲಿ ಕೂತರು. ಮಗಳು ಗಾಬರಿಯಿಂದ ನೀರು ಕೊಟ್ಟು, ರೊಟ್ಟಿ ಬಡಿಯಲು ಒಳಗೆ ಹೋದಳು. ಮಾವನವರು ಕೋಟಿನ ಕಿಸೆಯಿಂದ ಪತ್ರಿಕೆ ತೆಗೆದರು.

“ಅಳಿಯಂದಿರ,” ಅಂದರು ಕನ್ನಡಕ ಏರಿಸಿ, “ಹೆರಿಗಿ ಸುಸೂತ್ರ ಆತೇನ್ರಿ?”

“ಯಾರದು ಮಾವನವರ?”

“ಮೋಟಾರಿಂದು.”

“ಅದು ಹಂಗಲ್ರಿ, ನಾ ಸರಿಯಾಗೇ ಬರದಿದ್ದೆ, ಒಂದು ಸಾಲು ಅಲ್ಲಿ...” ನಾನು ತೊದಲತೊಡಗಿದೆ. ಅವರು ಕೈ ಎತ್ತಿ ಸಾಕು ಅಂದರು. ಮುಖ ಮಾತ್ರ ಕಲ್ಲಿನ ಹಾಗೆ. ಆಮೇಲೆ ಭುಜ ಅಲುಗಿತು. ನಾನು ಅಳುತ್ತಿದ್ದಾರೆಂದು ಹೆದರಿ ಎದ್ದೆ. ಅಷ್ಟರಲ್ಲಿ ಒಳಗೆಲ್ಲೋ ತಡೆದಿಟ್ಟಿದ್ದ ನಗೆ ಗೊಳ್ಳನೆ ಹೊರಬಂತು. ಕನ್ನಡಕ ಜಾರಿತು, ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ನಗೆ ಮಾತ್ರ ನಿಲ್ಲಲೊಲ್ಲದು.

ರೊಟ್ಟಿಯ ಸದ್ದು ನಿಂತಿತು. ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅಪ್ಪ ನಗುವುದನ್ನು ನೋಡುತ್ತಾ ಹಾಗೇ ನಿಂತಳು. ಕೆನ್ನೆ ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಹಿಟ್ಟು ಮಾಡಿಕೊಂಡಳು.

ಮಾವನವರು ಅವಳನ್ನು ನೋಡಿ ಹೇಗೋ ನಗೆ ನುಂಗಿಕೊಂಡರು. ಹಿರಿಯರ ಗತ್ತಿನಲ್ಲಿ ಪತ್ರಿಕೆಯನ್ನು ಅವಳ ಮುಂದೆ ಹಿಡಿದರು.

“ನೋಡು ಬೇ, ನಿನ್ನ ಗಂಡನ ಊರಾಗ ರೀತಿ ರಿವಾಜು ಏನೂ ಇಲ್ಲ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕೋ ಬ್ಯಾಡೋ? ಆ ಮೋಟಾರನ್ನ ವಿಲಾಯತಿಗಿ ಯಾಕ ಕಳಸಲಿಲ್ಲ ಕೇಳು!”